ಥಾಯ್ಲೆಂಡಿನ 90 ದಿನದ ರಿಪೋರ್ಟ್: ಆನ್‌ಲೈನ್ ಸೇವೆಯನ್ನು ಎಷ್ಟು ನಂಬಬಹುದು?

ಒಂದೇ ಮನೆಯಲ್ಲಿ, ಒಂದೇ ಪಾಸ್‌ಪೋರ್ಟಿನಲ್ಲಿ, ದೇಶ ಬಿಟ್ಟು ಕದಲದೆ ಇರುವ ನಿವೃತ್ತರಿಗೆ ಥಾಯ್ಲೆಂಡ್ ಇಮಿಗ್ರೇಷನ್‌ನ ಆನ್‌ಲೈನ್ 90 ದಿನದ ರಿಪೋರ್ಟ್ (ಅಲ್ಲಿ ಇರುವ ವಿದೇಶಿಯರು ಮೂರು ತಿಂಗಳಿಗೊಮ್ಮೆ ತಮ್ಮ ವಿಳಾಸ ತಿಳಿಸುವುದು) ಐದಕ್ಕೆ ನಾಲ್ಕೂವರೆ ಅಂಕ ಕೊಡಬಹುದಾದಷ್ಟು ಸಲೀಸು. ಈಚೆಗೆ ಮನೆ ಬದಲಾಯಿಸಿದವರಿಗೆ, ಹೊಸ ಪಾಸ್‌ಪೋರ್ಟ್ ಮಾಡಿಸಿದವರಿಗೆ, ನಡುನಡುವೆ ಊರಿಗೆ ಹೋಗಿ ಬರುವವರಿಗೆ ಅದೇ ಸೇವೆಗೆ ಎರಡು ಅಂಕ ಕೊಡುವುದೂ ಕಷ್ಟ. ವೆಬ್‌ಸೈಟ್ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ನೀವು ತುಂಬುವ ಫಾರಂ ಅನ್ನು ಅದು ಮೊದಲೇ ದಾಖಲಾಗಿರುವ ಮಾಹಿತಿಯ ಜೊತೆ ತಾಳೆ ನೋಡುತ್ತದೆ, ಆ ದಾಖಲೆಯನ್ನು ತಿದ್ದುವ ದಾರಿ ಮಾತ್ರ ಬೇರೆ ಕಡೆ ಇದೆ. ಇದನ್ನು ತಿಳಿಯದೆ ‘ರಿಜೆಕ್ಟೆಡ್’ ಎಂದು ಬಂದ ಕೂಡಲೇ ಅದೇ ಫಾರಂ ಅನ್ನು ಮತ್ತೆ ಮತ್ತೆ ಕಳಿಸುವವರೇ ಹೆಚ್ಚು.

ನಿಯಮದ ಮೂಲ 1979ರ ವಲಸೆ ಕಾಯ್ದೆ. ಅದರ 37ನೇ ಕಲಂ ಪ್ರಕಾರ, ತಾತ್ಕಾಲಿಕವಾಗಿ ಇರಲು ಅನುಮತಿ ಪಡೆದ ವಿದೇಶಿಯರು 90 ದಿನ ಮೀರಿ ಉಳಿದರೆ ತಾವು ಎಲ್ಲಿ ವಾಸವಾಗಿದ್ದೇವೆಂದು ತಿಳಿಸಬೇಕು, ಆಮೇಲೂ ಪ್ರತಿ 90 ದಿನಕ್ಕೊಮ್ಮೆ ತಿಳಿಸುತ್ತಿರಬೇಕು. ಐವತ್ತು ದಾಟಿ, ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಹ್ತ್ ಇಟ್ಟೋ ತಿಂಗಳಿಗೆ 65,000 ಬಹ್ತ್ ಆದಾಯ ತೋರಿಸಿಯೋ ಒಂದು ವರ್ಷದ ನಿವೃತ್ತಿ ಅನುಮತಿ ಪಡೆದವರಿಗೂ ಇದರಿಂದ ವಿನಾಯಿತಿ ಇಲ್ಲ. ಅನುಮತಿ ಒಂದು ವರ್ಷದ್ದು, ಹಾಜರಿ ಮಾತ್ರ ಮೂರು ತಿಂಗಳಿಗೊಮ್ಮೆ. ಶುಲ್ಕ ಒಂದು ಪೈಸೆಯೂ ಇಲ್ಲ.

ಇಲ್ಲಿ ಮೊದಲ ಗೊಂದಲ: ರಿಪೋರ್ಟ್ ಮಾಡಿದರೆ ವೀಸಾ ಮುಂದುವರಿಯುತ್ತದೆ ಅನ್ನುವ ನಂಬಿಕೆ. ಇಲ್ಲ. ರಿಪೋರ್ಟಿನ ಚೀಟಿಯಲ್ಲಿ ಮುಂದಿನ ಮೂರು ತಿಂಗಳ ದಿನಾಂಕ ಅಚ್ಚಾಗಿದ್ದರೂ, ಪಾಸ್‌ಪೋರ್ಟಿನ ಮುದ್ರೆಯಲ್ಲಿರುವ ಅನುಮತಿ ಅದಕ್ಕೂ ಮೊದಲೇ ಮುಗಿಯುತ್ತಿದ್ದರೆ ಚೀಟಿ ನಿಮ್ಮನ್ನು ಕಾಪಾಡುವುದಿಲ್ಲ. ಅನುಮತಿ ಮೀರಿದ ಪ್ರತಿ ದಿನಕ್ಕೆ 500 ಬಹ್ತ್‌ನಂತೆ 20,000ದವರೆಗೂ ದಂಡ ಏರುತ್ತದೆ. ತಾವಾಗಿಯೇ ಹೊರಡುವವರು ಕೂಡ 90 ದಿನಕ್ಕಿಂತ ಹೆಚ್ಚು ಮೀರಿದ್ದರೆ ಒಂದು ವರ್ಷ ಥಾಯ್ಲೆಂಡಿಗೆ ಕಾಲಿಡುವಂತಿಲ್ಲ. ರಿಪೋರ್ಟ್ ಮರೆತದ್ದಕ್ಕೆ ಬೀಳುವ ದಂಡಕ್ಕೂ ಇದಕ್ಕೂ ಅಜಗಜಾಂತರ.

ಎರಡನೆಯ ಗೊಂದಲ ವಾರ್ಷಿಕ ನವೀಕರಣದ್ದು. ಮೊತ್ತಮೊದಲ ಸಲ ಅನುಮತಿ ವಿಸ್ತರಿಸಲು ಅರ್ಜಿ ಹಾಕಿದಾಗ ಅದನ್ನೇ 90 ದಿನದ ರಿಪೋರ್ಟ್ ಎಂದೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಅನುಭವದಿಂದ ಪ್ರತಿ ವರ್ಷವೂ ಹಾಗೇ ಎಂದುಕೊಂಡವರು ಎರಡನೇ ವರ್ಷ ಸಿಕ್ಕಿಬೀಳುತ್ತಾರೆ. ನವೀಕರಣದ ದಿನವೇ ರಿಪೋರ್ಟಿನ ಅವಧಿಯೂ ತೆರೆದಿದ್ದರೆ ಅದೇ ಕಚೇರಿಯಲ್ಲಿ ರಿಪೋರ್ಟಿನ ಫಾರಂ ಆದ ಟಿಎಂ 47 ಅನ್ನು ಬೇರೆಯಾಗಿ ಕೊಟ್ಟು, ಬೇರೆ ಚೀಟಿ ಕೇಳಿ ಪಡೆಯಿರಿ. ನವೀಕರಣಕ್ಕೆ 1,900 ಬಹ್ತ್ ಕಟ್ಟಿದ ರಸೀದಿ ಆ ಚೀಟಿಯ ಜಾಗ ತುಂಬುವುದಿಲ್ಲ.

ದಿನ ಎಣಿಸುವ ಕ್ರಮ ಹೀಗೆ. ದೇಶಕ್ಕೆ ಬಂದಿಳಿದ ದಿನವೇ ಒಂದನೇ ದಿನ. ಜನವರಿ 1ಕ್ಕೆ ಬಂದವರಿಗೆ ಅಧಿಕ ವರ್ಷವಲ್ಲದಿದ್ದರೆ ಮಾರ್ಚ್ 31 ತೊಂಬತ್ತನೇ ದಿನ. ಕಚೇರಿಗೆ ಹೋಗಿ ಕೊಡುವುದಾದರೆ ಅದಕ್ಕೆ 15 ದಿನ ಮುಂಚಿನಿಂದ 7 ದಿನ ಆಚೆಯವರೆಗೆ, ಅಂದರೆ ಮಾರ್ಚ್ 16ರಿಂದ ಏಪ್ರಿಲ್ 7ರವರೆಗೆ ಅವಕಾಶ. ಆ ಕೊನೆಯ ಏಳು ದಿನ ಕೌಂಟರಿನಲ್ಲಿ ಸಿಗುವ ವಿನಾಯಿತಿ, ಆನ್‌ಲೈನಿಗೆ ಅದನ್ನು ನೆಚ್ಚಬೇಡಿ. ವೆಬ್‌ಸೈಟಿನಲ್ಲಿ ತುಂಬುವವರು ಗಡುವಿಗೆ 15 ದಿನ ಇರುವಾಗಲೇ ಶುರು ಮಾಡಿ, ಕನಿಷ್ಠ 7 ದಿನ ಉಳಿದಿರುವಷ್ಟರಲ್ಲಿ, ಅಂದರೆ ಈ ಉದಾಹರಣೆಯಲ್ಲಿ ಮಾರ್ಚ್ 24ರೊಳಗೆ, ಕಳಿಸಿ ಮುಗಿಸಿರಬೇಕು. ಕಾರಣ ಸರಳ: ಅರ್ಜಿ ತಿರಸ್ಕಾರವಾದರೆ ಕಚೇರಿಗೆ ಹೋಗಲು ದಿನಗಳು ಕೈಯಲ್ಲಿರಬೇಕು. ಏಪ್ರಿಲ್ 13ರಿಂದ 15ರ ಸೊಂಗ್‌ಕ್ರಾನ್ ರಜೆಯ ಹತ್ತಿರ ಗಡುವು ಬೀಳುವವರಂತೂ ಮೊದಲ ದಿನವೇ ಕಳಿಸುವುದು ಲೇಸು.

ಒಂದು ದಿನಕ್ಕಾದರೂ ಸರಿ, ದೇಶದಿಂದ ಹೊರಗೆ ಹೋಗಿ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು. ಪಾಸ್‌ಪೋರ್ಟಿನಲ್ಲಿ ಸಿಕ್ಕಿಸಿಟ್ಟಿರುವ ಹಳೆಯ ಚೀಟಿಯ ದಿನಾಂಕಕ್ಕೆ ಆಮೇಲೆ ಅರ್ಥವಿಲ್ಲ, ಹೊಸ ಪ್ರವೇಶ ಮುದ್ರೆಯಿಂದ ಎಣಿಸಬೇಕು. ಹೊರಡುವ ಮುನ್ನ ರೀ-ಎಂಟ್ರಿ ಪರ್ಮಿಟ್ (ಒಂದು ಸಲಕ್ಕೆ 1,000 ಬಹ್ತ್, ಎಷ್ಟು ಸಲವಾದರೂ ಸರಿ ಎನ್ನುವುದಕ್ಕೆ 3,800) ಮಾಡಿಸದೆ ಹೋದವರ ಒಂದು ವರ್ಷದ ಅನುಮತಿಯೇ ರದ್ದಾಗುತ್ತದೆ. ಅಲ್ಲಿಗೆ ರಿಪೋರ್ಟಿನ ಚಿಂತೆ ಸಣ್ಣದಾಯಿತು.

ಇನ್ನು ವೆಬ್‌ಸೈಟು. ಈ ಸೌಲಭ್ಯ ಬಂದದ್ದು 2015ರಲ್ಲಿ. ಆರಂಭದ ವರ್ಷಗಳಲ್ಲಿ ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟರೆ ಬೇರೆ ಬ್ರೌಸರಿನಲ್ಲಿ ನೆಟ್ಟಗೆ ನಡೆಯುತ್ತಿರಲಿಲ್ಲ. ಈಗಿರುವುದು ಹೊಸ ಸೈಟ್, ಫೋನಿನಲ್ಲೂ ತೆರೆಯುತ್ತದೆ. ಇಮೇಲ್ ಕೊಟ್ಟು ಖಾತೆ ತೆರೆದು, ಒಳಗೆ ಹೋಗಿ ಹೊಸ ಅರ್ಜಿ ಆರಿಸಿದರೆ ಪಾಸ್‌ಪೋರ್ಟ್ ನಂಬರ್, ರಾಷ್ಟ್ರೀಯತೆ, ಹೆಸರು, ಹುಟ್ಟಿದ ದಿನ, ಬಂದಿಳಿದ ದಿನ, ವೀಸಾ ಬಗೆ, ಅನುಮತಿ ಮುಗಿಯುವ ದಿನ, ಆಮೇಲೆ ವಿಳಾಸ ಕೇಳುತ್ತದೆ. ಎಲ್ಲ ಕಾಗದ ಪಕ್ಕದಲ್ಲಿದ್ದರೆ ತುಂಬಲು ಹತ್ತು ನಿಮಿಷ ಸಾಕು. ತಪ್ಪುಗಳು ಆಗುವ ಜಾಗ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ.

‘ಬಂದಿಳಿದ ದಿನ’ ಅಂದರೆ ಕೊನೆಯ ಸಲ ಒಳಗೆ ಬಂದ ದಿನ, ಮೊತ್ತಮೊದಲು ವಲಸೆ ಬಂದ ದಿನವಲ್ಲ. ‘ಅನುಮತಿ ಮುಗಿಯುವ ದಿನ’ ಅಂದರೆ ಈಚಿನ ವಿಸ್ತರಣೆಯ ಮುದ್ರೆಯಲ್ಲಿರುವ ದಿನಾಂಕ. ಎಷ್ಟೋ ಜನ ಮೂಲ ವೀಸಾ ಸ್ಟಿಕ್ಕರಿನ ದಿನಾಂಕ ಹಾಕುತ್ತಾರೆ. ಅದು ಯಾವಾಗಲೋ ಮುಗಿದುಹೋಗಿರುತ್ತದೆ, ಅರ್ಜಿ ವಾಪಸ್ ಬರುತ್ತದೆ. ಪಾಸ್‌ಪೋರ್ಟ್ ನಂಬರಿನಲ್ಲಿ ಸೊನ್ನೆಯೋ ಇಂಗ್ಲಿಷಿನ ‘ಓ’ ಅಕ್ಷರವೋ ಎಂದು ಇನ್ನೊಮ್ಮೆ ನೋಡಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಹೆಸರಿನ ಖಾನೆ ಇನ್ನೊಂದು ತೊಡಕು: ನಮ್ಮಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ಪೂರ್ತಿ ಹೆಸರನ್ನು ಒಂದೇ ಸಾಲಿನಲ್ಲಿ ಅಚ್ಚು ಹಾಕಿಸಿಕೊಂಡವರು ಬಹಳ, ಫಾರಂ ಮಾತ್ರ ಹೆಸರು ಬೇರೆ ಅಡ್ಡಹೆಸರು ಬೇರೆ ಕೇಳುತ್ತದೆ. ಊಹೆ ಮಾಡಿ ಒಡೆಯಬೇಡಿ. ಹಿಂದಿನ ರಿಪೋರ್ಟ್ ಚೀಟಿಯಲ್ಲಿ ಹೆಸರು ಯಾವ ಕ್ರಮದಲ್ಲಿ ಅಚ್ಚಾಗಿದೆಯೋ ಅದೇ ಕ್ರಮದಲ್ಲಿ ತುಂಬಿ, ಏಕೆಂದರೆ ಅವರ ದಾಖಲೆಯಲ್ಲಿ ಇರುವುದು ಆ ರೂಪ.

ವಿಳಾಸವನ್ನು ಪ್ರಾಂತ್ಯ, ಅದರೊಳಗಿನ ಅಂಫೋ, ಅದರೊಳಗಿನ ತಂಬೋನ್ ಎಂದು ಪಟ್ಟಿಯಿಂದ ಒಂದೊಂದಾಗಿ ಆರಿಸಬೇಕು. ನಮ್ಮ ಜಿಲ್ಲೆ, ತಾಲ್ಲೂಕು, ಹೋಬಳಿ ಇದ್ದ ಹಾಗೆ. ಬ್ಯಾಂಕಾಕಿನಲ್ಲಿ ಮಾತ್ರ ಅಂಫೋ, ತಂಬೋನ್ ಬದಲು ಖೇತ್, ಖ್ವೇಂಗ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಥಾಯ್ ಹೆಸರುಗಳ ಕಾಗುಣಿತ ಬೋರ್ಡಿಗೊಂದು ಬಗೆ ಇರುವುದರಿಂದ ಬಾಡಿಗೆ ಕರಾರಿನ ಕಾಗುಣಿತ ಪಟ್ಟಿಯಲ್ಲಿ ಸಿಗದೆ ಹೋಗಬಹುದು, ಹತ್ತಿರದ ಉಚ್ಚಾರಣೆ ಹುಡುಕಿ. ಮನೆ ನಂಬರ್ ಅನ್ನು ನಡುವಿನ ಓರೆಗೆರೆ ಸಮೇತ, ಕರಾರಿನಲ್ಲಿ ಇದ್ದಂತೆಯೇ ಹಾಕಿ. ಅಪಾರ್ಟ್‌ಮೆಂಟಿನ ಬಾಗಿಲ ಮೇಲಿರುವ ನಂಬರೇ ಬೇರೆ, ಮನೆ ನೋಂದಣಿ ಪುಸ್ತಕದ ನಂಬರೇ ಬೇರೆ ಆಗಿರುವುದುಂಟು. ಬೇಕಾದದ್ದು ಪುಸ್ತಕದ್ದು.

ಕಳಿಸಿದ ಮೇಲೆ ಅರ್ಜಿ ‘ಪೆಂಡಿಂಗ್’ ಎಂದು ತೋರಿಸುತ್ತದೆ. ಒಪ್ಪಿಗೆಯಾದರೆ ಮುಂದಿನ ದಿನಾಂಕ ಇರುವ ಚೀಟಿ ಪಿಡಿಎಫ್ ಆಗಿ ಇಮೇಲಿಗೆ ಬರುತ್ತದೆ. ಬರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ, ಅಲ್ಲೂ ಇಲ್ಲದಿದ್ದರೆ ಖಾತೆಯೊಳಗೆ ಹೋಗಿ ಸ್ಥಿತಿ ಪರೀಕ್ಷಿಸಿ. ಚೀಟಿಯ ಹೆಸರು, ನಂಬರ್, ದಿನಾಂಕ ಸರಿಯಿದೆಯೇ ನೋಡಿ, ಪ್ರಿಂಟ್ ತೆಗೆದು ಪಾಸ್‌ಪೋರ್ಟಿನಲ್ಲಿಡಿ. ಹಳೆಯ ಚೀಟಿಯನ್ನೂ ಎಸೆಯಬೇಡಿ. ತಿರಸ್ಕಾರವಾದರೆ ಏಕೆ ಎಂದು ಬಿಡಿಸಿ ಹೇಳುವುದು ಅಪರೂಪ, ಹತ್ತಿರದ ಕಚೇರಿಗೆ ಹೋಗಿ ಎಂಬಷ್ಟೇ ಉತ್ತರ. ಈ ಸೇವೆಯ ಅತಿ ದೊಡ್ಡ ಕೊರತೆ ಇದೇ. ‘ವಿಳಾಸ ಹೊಂದುತ್ತಿಲ್ಲ’ ಎಂಬ ಒಂದು ಸಾಲು ಬರೆದಿದ್ದರೆ ಎಷ್ಟೋ ಹಿರಿಯರ ಟ್ಯಾಕ್ಸಿ ಖರ್ಚು ಉಳಿಯುತ್ತಿತ್ತು.

ವಿಳಾಸ ಹೊಂದದಿರಲು ಬಹುಪಾಲು ಕಾರಣ ಟಿಎಂ 30, ಅಂದರೆ ತಮ್ಮಲ್ಲಿ ವಿದೇಶಿಯೊಬ್ಬ ಇದ್ದಾನೆಂದು ಮನೆಯವರು ಇಮಿಗ್ರೇಷನ್‌ಗೆ ಕೊಡುವ ಮಾಹಿತಿಯ ಫಾರಂ. ನಿವೃತ್ತರ ತಲೆನೋವಿನ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿ. ಕಾಯ್ದೆಯ 38ನೇ ಕಲಂ ಪ್ರಕಾರ, ವಿದೇಶಿಯೊಬ್ಬ ಮನೆಗೆ ಬಂದ 24 ಗಂಟೆಯೊಳಗೆ ಮನೆಯ ಮಾಲೀಕರೋ, ಮನೆ ಯಾರ ಸ್ವಾಧೀನದಲ್ಲಿದೆಯೋ ಅವರೋ, ಹೋಟೆಲಾದರೆ ಮ್ಯಾನೇಜರೋ ಇಮಿಗ್ರೇಷನ್‌ಗೆ ತಿಳಿಸಬೇಕು. ತಿಳಿಸದಿದ್ದರೆ ದಂಡ ಬೀಳುವುದೂ ಅವರಿಗೇ: ಮನೆಯವರಿಗೆ 2,000 ಬಹ್ತ್‌ವರೆಗೆ, ಹೋಟೆಲಿಗೆ 2,000ದಿಂದ 10,000. ಕಾಗದದ ಮೇಲೆ ಹೊಣೆ ಮಾಲೀಕರದ್ದು. ಕೌಂಟರಿನ ಮುಂದೆ ನಿಂತಾಗ ಮಾತ್ರ ‘ಟಿಎಂ 30 ಎಲ್ಲಿ?’ ಎಂಬ ಪ್ರಶ್ನೆ ಬಾಡಿಗೆದಾರನಿಗೆ. ಮಾಲೀಕರು ಫೋನ್ ತೆಗೆಯದಿದ್ದರೆ, ವಿದೇಶದಲ್ಲಿದ್ದರೆ, ತೆರಿಗೆಯವರ ಕಣ್ಣಿಗೆ ಬೀಳುತ್ತೇವೆಂದು ಹೆದರಿ ನೋಂದಾಯಿಸಲು ಒಪ್ಪದಿದ್ದರೆ, ಬರಿಗೈಯಲ್ಲಿ ಮನೆಗೆ ಮರಳಬೇಕಾದವರು ನೀವು.

ಆದ್ದರಿಂದ ಮನೆ ನೋಡುವಾಗ ಬಾಲ್ಕನಿ, ಈಜುಕೊಳಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ: ಟಿಎಂ 30 ಯಾರು ಮಾಡುತ್ತಾರೆ, ಯಾವಾಗ? ಮುಂಗಡ ಕೊಡುವ ಮೊದಲೇ ಕರಾರಿನಲ್ಲಿ ಒಂದು ಸಾಲು ಸೇರಿಸಿ. ಮಾಲೀಕರ ಗುರುತಿನ ಚೀಟಿಯ ಪ್ರತಿ, ತಬಿಯನ್ ಬಾನ್ ಎಂಬ ಮನೆ ನೋಂದಣಿ ಪುಸ್ತಕದ ಪ್ರತಿ, ಎರಡಕ್ಕೂ ಅವರ ಸಹಿ. ಇವನ್ನು ಅದೇ ದಿನ ಪಡೆದಿಟ್ಟುಕೊಳ್ಳಿ. ಅವರೇ ಆನ್‌ಲೈನಿನಲ್ಲಿ ನೋಂದಾಯಿಸಿದರೆ ಒಪ್ಪಿಗೆ ಪುಟದ ಚಿತ್ರ ತರಿಸಿಕೊಳ್ಳಿ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಆಡಳಿತ ಕಚೇರಿಯವರೇ ಮಾಡಿಕೊಡುವುದುಂಟು, ಮಾಡಿದರು ಎಂದು ನಂಬಿ ಕೂರದೆ ರಸೀದಿ ಕೇಳಿ. ಇದಕ್ಕೆ ಒಪ್ಪದ ಮಾಲೀಕರ ಮನೆ ಬಾಡಿಗೆ ಎಷ್ಟೇ ಅಗ್ಗವಾಗಿದ್ದರೂ ನಿವೃತ್ತಿ ಅನುಮತಿಯಲ್ಲಿ ಇರುವವರಿಗೆ ದುಬಾರಿ.

2020ರ ಜೂನ್ ಕೊನೆಯಲ್ಲಿ ಒಂದು ಸಡಿಲಿಕೆ ಬಂತು. ರೀ-ಎಂಟ್ರಿ ಪರ್ಮಿಟ್ ಹಿಡಿದು ಹೊರಗೆ ಹೋಗಿ, ಮತ್ತೆ ಅದೇ ಮನೆಗೆ ಮರಳಿದರೆ ಟಿಎಂ 30 ಹೊಸದಾಗಿ ಬೇಕಿಲ್ಲ. ಇದರ ನಡುವೆ ಒಂದು ಸಂದಿ ಉಳಿದಿದೆ. ಚಿಯಾಂಗ್ ಮಾಯ್‌ನಲ್ಲಿ ಮನೆ ಇರುವವರು ಫುಕೆಟ್‌ನ ಹೋಟೆಲಿನಲ್ಲಿ ಎರಡು ರಾತ್ರಿ ತಂಗಿದರೆ ಹೋಟೆಲಿನವರು ತಮ್ಮ ಕರ್ತವ್ಯದಂತೆ ಅವರ ಹೆಸರು ಕಳಿಸುತ್ತಾರೆ, ಆಗ ಗಣಕದಲ್ಲಿ ಕೊನೆಯ ವಿಳಾಸ ಹೋಟೆಲಿನದ್ದಾಗುತ್ತದೆ. ಕೆಲವು ಕಚೇರಿಗಳು ಇದನ್ನು ಲೆಕ್ಕಿಸುವುದಿಲ್ಲ, ಕೆಲವು ಮನೆಯ ಟಿಎಂ 30 ಮತ್ತೆ ಮಾಡಿಸಿ ಬನ್ನಿ ಎನ್ನುತ್ತವೆ. ಕಾರಣವೇ ತಿಳಿಯದೆ ಆನ್‌ಲೈನ್ ಅರ್ಜಿ ಬಿದ್ದುಹೋದರೆ ಇತ್ತೀಚಿನ ಪ್ರವಾಸವನ್ನು ಮೊದಲು ಅನುಮಾನಿಸಿ.

ಕಚೇರಿಗೇ ಹೋಗುವವರಿಗೆ ಬೇಕಾದದ್ದು: ತುಂಬಿದ ಟಿಎಂ 47, ಪಾಸ್‌ಪೋರ್ಟ್, ಅದರ ಫೋಟೋ ಪುಟದ, ಕೊನೆಯ ಪ್ರವೇಶ ಮುದ್ರೆಯ, ಈಚಿನ ವಿಸ್ತರಣೆಯ ಜೆರಾಕ್ಸ್, ಹಿಂದಿನ ಚೀಟಿ, ಟಿಎಂ 30 ರಸೀದಿ. ಜೆರಾಕ್ಸಿನ ಪ್ರತಿ ಹಾಳೆಗೂ ಸಹಿ ಹಾಕಿಟ್ಟಿರಿ. ನಿಮ್ಮ ಪ್ರಾಂತ್ಯದ ಕಚೇರಿಯೇ ಆಗಬೇಕು. ಬ್ಯಾಂಕಾಕಿನವರಿಗೆ ಚೇಂಗ್ ವತ್ತನ ರಸ್ತೆಯ ಸರ್ಕಾರಿ ಸಂಕೀರ್ಣದ ‘ಬಿ’ ಕಟ್ಟಡ, ಪಟ್ಟಾಯದವರಿಗೆ ಜೋಮ್ಟಿಯನ್‌ನ 5ನೇ ಸೋಯಿ (ಅಡ್ಡರಸ್ತೆ). ವೀಸಾ ವಿಸ್ತರಣೆಯ ಸಾಲು ಬೇರೆ, ರಿಪೋರ್ಟಿನ ಸಾಲು ಬೇರೆ. ಟೋಕನ್ ತೆಗೆದುಕೊಳ್ಳುವಾಗಲೇ 90 ದಿನದ್ದು ಎಂದು ಸ್ಪಷ್ಟವಾಗಿ ಹೇಳಿ. ಮಧ್ಯಾಹ್ನ 12ರಿಂದ 1ರವರೆಗೆ ಊಟದ ಬಿಡುವು ಇರುವುದರಿಂದ ಹನ್ನೊಂದೂವರೆಗೆ ತಲುಪುವುದರಲ್ಲಿ ಅರ್ಥವಿಲ್ಲ. ನಡೆಯಲಾಗದವರು, ಆಸ್ಪತ್ರೆಯಲ್ಲಿ ಇರುವವರು ಬೇರೆಯವರ ಕೈಯಲ್ಲಿ ಪಾಸ್‌ಪೋರ್ಟ್ ಕಳಿಸಿ ಮಾಡಿಸಬಹುದು. ವಿಸ್ತರಣೆಗೆ ಸ್ವತಃ ಹೋಗಬೇಕಾದಂತೆ ಇಲ್ಲಿ ಮುಖ ತೋರಿಸಲೇಬೇಕೆಂದಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲದ ಅನುಕೂಲ.

ಅಂಚೆಯ ದಾರಿಯೂ ಇದೆ. ಕಂಪ್ಯೂಟರ್ ಬಾರದ ಹಿರಿಯರಿಗೆ ಈಗಲೂ ಇದು ಒಳ್ಳೆಯ ಆಯ್ಕೆ. ಸಹಿ ಹಾಕಿದ ಟಿಎಂ 47, ಮೇಲೆ ಹೇಳಿದ ಜೆರಾಕ್ಸುಗಳು, ಹಿಂದಿನ ಚೀಟಿ, ಜೊತೆಗೆ ನಿಮ್ಮದೇ ವಿಳಾಸ ಬರೆದು 10 ಬಹ್ತ್ ಅಂಚೆಚೀಟಿ ಹಚ್ಚಿದ ಲಕೋಟೆ. ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಗಡುವಿಗೆ ಕನಿಷ್ಠ 15 ದಿನ ಮುಂಚೆ ಕಳಿಸಬೇಕು. ಅಸಲಿ ಪಾಸ್‌ಪೋರ್ಟ್ ಯಾವ ಕಾರಣಕ್ಕೂ ಲಕೋಟೆಗೆ ಹಾಕಬೇಡಿ. ಅಂಚೆ ಕಚೇರಿಯ ರಸೀದಿಯನ್ನು ಹೊಸ ಚೀಟಿ ಬರುವವರೆಗೂ ಕಾಪಾಡಿ. ಕಾಗದ ಕಳೆದುಹೋದರೆ ಸಮಯಕ್ಕೆ ಕಳಿಸಿದ್ದಕ್ಕೆ ಇರುವ ಸಾಕ್ಷಿ ಅದೊಂದೇ.

ತಪ್ಪಿಹೋದರೆ? ತಾವಾಗಿ ಕಚೇರಿಗೆ ಹೋಗಿ ತಡವಾಯಿತೆಂದು ಹೇಳಿದವರಿಗೆ ಸಾಮಾನ್ಯವಾಗಿ 2,000 ಬಹ್ತ್ ದಂಡ ಹಾಕಿ, ರಸೀದಿ ಕೊಟ್ಟು, ಹೊಸ ಚೀಟಿ ಕೊಡುತ್ತಾರೆ. ಬೇರೆ ಯಾವುದೋ ಸಂದರ್ಭದಲ್ಲಿ ಪೊಲೀಸರ ಕೈಗೆ ಸಿಕ್ಕರೆ ಹೆಚ್ಚು. ಕಾಯ್ದೆಯ ಮಿತಿ 5,000 ಬಹ್ತ್, ಮೇಲೆ ಸರಿಪಡಿಸುವವರೆಗೆ ದಿನಕ್ಕೆ 200ರವರೆಗೆ. ಮೊದಲೇ ದಂಡ ಕಟ್ಟಿ ಮುಗಿಸುವುದು ಅಗ್ಗ. ಅನುಮಾನವಿದ್ದರೆ ಇಮಿಗ್ರೇಷನ್‌ನ ಸಹಾಯವಾಣಿ 1178.

ಏಜೆಂಟರ ಬಗ್ಗೆ ಎರಡು ಮಾತು. ಪಾಸ್‌ಪೋರ್ಟ್ ಒಯ್ದು, ಸಾಲಿನಲ್ಲಿ ನಿಂತು, ಚೀಟಿ ತಂದುಕೊಡುವುದಷ್ಟೇ ಅವರ ಕೆಲಸವಾದರೆ ಅದು ನ್ಯಾಯವಾದ ಸೇವೆ, ಮಾತಾಡಿದ ಕೂಲಿ ಕೊಡಿ. ಪಾಸ್‌ಪೋರ್ಟ್ ಕೊಟ್ಟದ್ದಕ್ಕೆ ಕೈಬರಹದ ರಸೀದಿಯಾದರೂ ಇರಲಿ. ಅದೇ ಏಜೆಂಟರು ‘ಬ್ಯಾಂಕಿನಲ್ಲಿ 8 ಲಕ್ಷ ಇಲ್ಲದಿದ್ದರೂ ತೋರಿಸಿಕೊಡುತ್ತೇವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ದಾಖಲೆಯ ಮೇಲೆ ಪಡೆದ ಅನುಮತಿ ಯಾವಾಗ ಬೇಕಾದರೂ ರದ್ದಾಗಬಹುದು, ಅಲ್ಲಿ ಸಿಕ್ಕಿಹಾಕಿಕೊಳ್ಳುವವರು ಏಜೆಂಟರಲ್ಲ. ರಿಪೋರ್ಟ್ ಮಾಡಿಕೊಡುತ್ತೇವೆಂದು ಶುಲ್ಕ ಕೇಳುವ ವೆಬ್‌ಸೈಟುಗಳಿಗೂ ಸರ್ಕಾರಕ್ಕೂ ಸಂಬಂಧವಿಲ್ಲ. ಸರ್ಕಾರದ ಸೈಟಿನ ವಿಳಾಸ ‘ಡಾಟ್ ಜಿಓ ಡಾಟ್ ಟಿಎಚ್’ ಎಂದು ಮುಗಿಯುತ್ತದೆ, ಹಣ ಕಟ್ಟುವ ಪುಟವೇ ಅಲ್ಲಿ ಇಲ್ಲ.

ಈ ಮೂರು ತಿಂಗಳ ಹಾಜರಿಯೇ ಬೇಡ ಎನ್ನುವವರಿಗೆ 2022ರಲ್ಲಿ ಬಂದ ಹತ್ತು ವರ್ಷದ ಎಲ್‌ಟಿಆರ್ (ದೀರ್ಘಾವಧಿ ವಾಸದ) ವೀಸಾ ಇದೆ. ಅದರಲ್ಲಿ ರಿಪೋರ್ಟ್ ವರ್ಷಕ್ಕೊಂದೇ ಸಲ. ಆದರೆ ಪಿಂಚಣಿದಾರರ ವರ್ಗಕ್ಕೆ ವರ್ಷಕ್ಕೆ 80,000 ಡಾಲರ್ ಆದಾಯ ತೋರಿಸಬೇಕು (ಅದಕ್ಕಿಂತ ಕಡಿಮೆಯಿದ್ದರೆ ಥಾಯ್ಲೆಂಡಿನಲ್ಲಿ ಹೂಡಿಕೆ), ಶುಲ್ಕ 50,000 ಬಹ್ತ್. ಬರೀ ಚೀಟಿಯ ಕಾಟ ತಪ್ಪಿಸಿಕೊಳ್ಳಲು ಇಷ್ಟೆಲ್ಲ ಯಾರಿಗೂ ಬೇಕಿಲ್ಲ.

ಉಳಿದದ್ದು ಹೊಸ ಪಾಸ್‌ಪೋರ್ಟ್ ಮಾಡಿಸಿದವರ ಪಾಡು. ರಾಯಭಾರ ಕಚೇರಿಯಿಂದ ಹೊಸ ಪುಸ್ತಕ ಬಂದಾಗ ನಂಬರ್ ಬದಲಾಗಿರುತ್ತದೆ, ಇಮಿಗ್ರೇಷನ್‌ನ ಗಣಕದಲ್ಲಿ ಮಾತ್ರ ಹಳೆಯದೇ ಇರುತ್ತದೆ. ಹಳೆಯ, ಹೊಸ ಎರಡೂ ಪಾಸ್‌ಪೋರ್ಟ್ ಹಿಡಿದು ನಿಮ್ಮ ಕಚೇರಿಗೆ ಹೋಗಿ ಅನುಮತಿಯ ಮುದ್ರೆಗಳನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿ. ರಾಯಭಾರ ಕಚೇರಿಯಿಂದ ಪತ್ರವೂ ಬೇಕೇ ಎಂದು ಮುಂಚೆಯೇ ಫೋನ್ ಮಾಡಿ ಕೇಳಿ, ಇಲ್ಲದಿದ್ದರೆ ಎರಡು ಸಲ ಓಡಾಟ. ಆಮೇಲಿನ ಮೊದಲ 90 ದಿನದ ರಿಪೋರ್ಟನ್ನು ಕಚೇರಿಯಲ್ಲೇ ಕೊಡಬೇಕು, ನೀವು ಹೋದರೂ ಸರಿ, ನಿಮ್ಮ ಪರವಾಗಿ ಇನ್ನೊಬ್ಬರು ಹೋದರೂ ಸರಿ. ಹೊಸ ನಂಬರಿರುವ ಆ ಚೀಟಿ ಕೈಗೆ ಬಂದ ಮೇಲೆ, ಅದರ ಮುಂದಿನ ಸರದಿಯಿಂದ ಆನ್‌ಲೈನ್ ದಾರಿ ಮತ್ತೆ ತೆರೆಯುತ್ತದೆ.